ಖಳನ ಹಿಂದೆ ನಿಂತವನು

ಮಸ್ಕಿ
27 ಜನವರಿ 2025

ತಂಗಿ ಗಂಗಾದೇವಿಗೆ ಮಸ್ಕಿಯಿಂದ ಪೀರಣ್ಣನ ಸಲಾಮು.

ನಿನ್ನ ಮೊಣಕಾಲು ಹೇಗಿದೆ ಎಂದು ಕೇಳುವುದಿಲ್ಲ. ಕೇಳಿದರೆ ಉತ್ತರದ ತುಂಬ ಅದೇ ಇರುತ್ತದೆ. ಫೋನ್ ಮಾಡೋಣವೆಂದರೆ ನಿನ್ನ ಕಿವಿ ನಮ್ಮ ನಾಟಕ ಕಂಪನಿಯ ಜೊತೆಗೇ ಮುಚ್ಚಿಹೋಗಿದೆ. ನಾನು ಹೇಳಿದ್ದಕ್ಕೆಲ್ಲ ಪಕ್ಕದ ಮನೆಯ ಅಶ್ವಿನಿ ನಿನ್ನ ಪರವಾಗಿ "ಹೂಂ" ಅನ್ನುತ್ತಾಳೆ. ಅದಕ್ಕೇ ನಮಗೆ ಕಾಗದವೇ ಸೈ.

ಶನಿವಾರ ಗೊರೇಬಾಳದಲ್ಲಿ ನಾಟಕವಿತ್ತು. ಊರ ಹುಡುಗರದೇ ನಾಟಕ. ಟ್ರ್ಯಾಕ್ಟರ್ ಇದ್ದವನು ಹೀರೋ, ಭತ್ತ ಕೊಯ್ಯುವ ಮಿಷನ್ ಇದ್ದವನು ಖಳನಾಯಕ. ಖಳನ ಹಿಂದೆ ನಿಲ್ಲುವ ಬಂಟನ ಪಾತ್ರಕ್ಕೆ ಮಾತ್ರ ಯಾರೂ ಒಪ್ಪಲಿಲ್ಲವಂತೆ. ಅದನ್ನು ಮಾಡಿದವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಅವರ ಹೆದರಿಕೆ. ಎಪ್ಪತ್ತು ದಾಟಿದ ನನಗೆ ಇನ್ನೇನು ಹೆಣ್ಣು! ಕಂಪನಿಯ ಕಾಲದ ನನ್ನ ಅಗಲ ಅಂಚಿನ ಟೋಪಿ ಹಾಕಿಕೊಂಡು ಹೋದೆ.

ನಾಟಕದಲ್ಲಿ ನಾನು ಒಬ್ಬ ಮೇಷ್ಟ್ರನ್ನು ಬಾವಿಗೆ ತಳ್ಳಬೇಕು. ತಳ್ಳಿದ ಮೇಲೆ ಗಹಗಹಿಸಿ ನಗಬೇಕು ಎಂದು ನಾಟಕ ಕಲಿಸಿದ ಪೇಟಿ ಮಾಸ್ತರ ಹೇಳಿದ. ನಾನು ನಗಲಿಲ್ಲ. ಮೇಷ್ಟ್ರ ಚಪ್ಪಲಿಗಳನ್ನು ಎರಡೂ ಕೈಯಿಂದ ಎತ್ತಿ, ಜೋಡಿಸಿ, ಬಾವಿಯ ಕಡೆ ಮುಖ ಮಾಡಿ ಮೆತ್ತಗೆ ಇಟ್ಟೆ. ಆಮೇಲೆ ಹಿಂದೆ ಸರಿದು ಒಮ್ಮೆ ನೋಡಿ, ಒಂದನ್ನು ಸ್ವಲ್ಪ ಸರಿಮಾಡಿದೆ. ಕೊಂದವನು ಕೂಗಾಡಿದರೆ ಜನ ನಗುತ್ತಾರೆ ತಂಗಿ, ಕೊಂದವನು ಮೆತ್ತಗಾದರೆ ಹೆದರುತ್ತಾರೆ. ಹೆಂಗಸರ ಕಡೆಯಿಂದ ಒಬ್ಬಾಕೆ ಎದ್ದು ನಿಂತಳು, ಹಾಗೆಯೇ ಹೊರಟುಹೋದಳು.

ನಾಟಕಕ್ಕೆ ಖರ್ಚು ಕೊಟ್ಟವರು ಅಲ್ಲಿಯ ಅಕ್ಕಿ ಗಿರಣಿಯ ಆದೆಪ್ಪ ಸಾಹುಕಾರರು. ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಒಬ್ಬರೇ ಒಳಗೆ ಬಂದರು. ಹೊಗಳಲಿಲ್ಲ, ಕೂರಲಿಲ್ಲ. "ಆ ಚಪ್ಪಲಿ ಇಡೂದು ಎಲ್ಲಿ ನೋಡಿದ್ರಿ ಸಾಬ್ರ?" ಅಂದರು. "ಎಲ್ಲೂ ನೋಡಿಲ್ರೀ, ರಂಗದ ಮ್ಯಾಲ ಹಂಗ ಹೊಳೀತು" ಅಂದೆ. ತಲೆಯಾಡಿಸಿದರು. ಹೋಗುವಾಗ ನೆಲದ ಮೇಲೆ ನಾನು ಬಿಚ್ಚಿಟ್ಟಿದ್ದ ಚಪ್ಪಲಿಗಳನ್ನು ಬಗ್ಗಿ ಕೈಯಾರೆ ಜೋಡಿಸಿ, ಬಾಗಿಲ ಕಡೆ ಮುಖ ಮಾಡಿಟ್ಟು ಹೊರಟುಹೋದರು.

ಯಾಕೋ ಅವನ್ನು ತಕ್ಷಣ ಮೆಟ್ಟಿಕೊಳ್ಳಲು ಮನಸ್ಸಾಗಲಿಲ್ಲ. ಆಟೋದವರೆಗೆ ಬರಿಗಾಲಲ್ಲೇ ಬಂದೆ.

ನಿನ್ನ
ಪೀರಣ್ಣ

ಲಿಂಗಸುಗೂರು
31 ಜನವರಿ 2025

ಪೀರಣ್ಣಾ,

ಎಂಥ ಭಾಗ್ಯವಂತನೋ ನೀನು! ಸಾಹುಕಾರರು ನಿನ್ನ ಚಪ್ಪಲಿ ಮುಟ್ಟಿದರೇ? ನಮ್ಮ ಕಂಪನಿಯ ಮಾಲೀಕರು ನಮ್ಮ ಚಪ್ಪಲಿ ಮುಟ್ಟುವುದಿರಲಿ, ಅದು ಹರಿದಿದ್ದು ಕಣ್ಣಿಗೆ ಬಿದ್ದರೆ ಮುಖ ತಿರುಗಿಸುತ್ತಿದ್ದರು. ಅವರನ್ನು ನಮ್ಮ ಮನೆಗೂ ಒಮ್ಮೆ ಕಳಿಸು. ನನ್ನ ಚಪ್ಪಲಿ ಒಂದು ಬಾಗಿಲಲ್ಲಿದ್ದರೆ ಇನ್ನೊಂದು ಬಚ್ಚಲ ಹತ್ತಿರ ಬೋರಲು ಬಿದ್ದಿರುತ್ತದೆ. ಅವರಿಗೆ ವರ್ಷವಿಡೀ ಕೆಲಸ ಸಿಗುತ್ತದೆ.

ಆದರೆ ಸುಳ್ಳು ಯಾಕೆ ಹೇಳಿದೆ? ರಂಗದ ಮೇಲೆ ಹೊಳೆಯಿತಂತೆ! ಆ ಕಥೆಯನ್ನು ನನಗೆ ಎಷ್ಟು ಸಲ ಹೇಳಿಲ್ಲ ನೀನು? ಏಳೆಂಟು ವರ್ಷದ ಹಿಂದೆ ಸಿಂಧನೂರಿನಿಂದ ಬರುವಾಗ ಗೊರೇಬಾಳದ ಕಾಲುವೆ ಸೇತುವೆ ಹತ್ತಿರ ಬಸ್ಸು ಪಂಕ್ಚರ್ ಆಗಿತ್ತು. ಮುಸ್ಸಂಜೆ. ಬಿಳಿ ಬಟ್ಟೆಯ ದೊಡ್ಡ ಮನುಷ್ಯರೊಬ್ಬರು ಕಾಲುವೆ ಕಟ್ಟೆಯ ಮೇಲೆ ನಿನಗೆ ಬೆನ್ನು ಮಾಡಿ ಕೂತು, ಯಾವನೋ ಬಡವನ ಹಳೇ ಚಪ್ಪಲಿಗಳನ್ನು ಕೈಯಾರೆ ಎತ್ತಿ ಜೋಡಿಸಿಟ್ಟರು. "ಇನ್ನೊಬ್ಬರ ಚಪ್ಪಲಿ ಮುಟ್ಟುವ ದೊಡ್ಡವರು ಇನ್ನೂ ಇದಾರ ತಂಗಿ" ಎಂದು ಹೇಳುವಾಗ ನಿನ್ನ ಕಣ್ಣು ಒದ್ದೆಯಾಗುತ್ತಿದ್ದವು. ಅಂಥ ಒಳ್ಳೆಯ ಕೆಲಸವನ್ನು ತಂದು ಕೊಲೆಗಾರನ ಕೈಗೆ ಹಚ್ಚಿದ್ದೀಯಲ್ಲ, ನಿನ್ನ ಬುದ್ಧಿಗೆ ಏನು ಹೇಳಲಿ.

ನಿನ್ನ ಕಲೆಯ ಗುಟ್ಟನ್ನು ಮುಚ್ಚಿಟ್ಟುಕೊಂಡೇ ಹಾಳಾದೆ. ಹೇಳಿಕೊಂಡವನು ದೊಡ್ಡವನಾಗುತ್ತಾನೆ ಅಣ್ಣಾ, ನಿನ್ನಂಥವನು ಹಿಂದೆಯೇ ನಿಲ್ಲುತ್ತಾನೆ.

ಗಂಗಾದೇವಿ

ಮಸ್ಕಿ
5 ಫೆಬ್ರವರಿ 2025

ತಂಗೀ,

ಕಾಗದ ತಲುಪಿತು. ಆ ಬಸ್ಸಿನ ಕಥೆ ನಿನಗೆ ಅಷ್ಟು ನೆನಪಿದೆ ಎಂದು ಗೊತ್ತಿರಲಿಲ್ಲ.

ಇಲ್ಲಿ ವಿಶೇಷವೇನಿಲ್ಲ. ನಿನ್ನೆ ಗೊರೇಬಾಳದ ಕಡೆಯಿಂದ ಪಾರ್ವತೆಮ್ಮ ಎಂಬಾಕೆ ಬಂದಿದ್ದಳು. ಅವತ್ತು ನಾಟಕದಲ್ಲಿ ಎದ್ದುಹೋದವಳು ಇವಳೇ. ಅಂಗಳದಲ್ಲಿ ಕೂತಳು, ಅತ್ತಳು. ಮಗಳು ವಸೀಮಾ ಚಾ ಮಾಡಿಕೊಟ್ಟಳು. ಸಂಜೆಯ ಬಸ್ಸಿಗೆ ಹೋದಳು.

ಸಾಹುಕಾರರ ಡ್ರೈವರ್ ಬಂದು ಒಂದು ಡಬ್ಬಿ ಕೊಟ್ಟುಹೋದ. ಒಳಗೆ ಹೊಸ ತೊಗಲಿನ ಚಪ್ಪಲಿ. ಕಾಲಿಟ್ಟು ನೋಡಿದೆ, ಅಳತೆ ಹೇಳಿ ಮಾಡಿಸಿದಂತಿದೆ. ನನ್ನ ಅಳತೆ ನಾನು ಯಾರಿಗೂ ಕೊಟ್ಟಿಲ್ಲ. ಈ ತಿಂಗಳು ಇಪ್ಪತ್ಮೂರಕ್ಕೆ, ರಂಜಾನ್ ಶುರುವಾಗುವ ಮೊದಲು, ಗೊರೇಬಾಳದಲ್ಲಿ ನನಗೆ ಸನ್ಮಾನವಂತೆ. ನನ್ನ ಬಗ್ಗೆ ಒಂದು ಪುಸ್ತಕವನ್ನೂ ಮಾಡಿಸುತ್ತಾರಂತೆ. ವಸೀಮಾ ಡಬ್ಬಿ ನೋಡಿದವಳೇ "ನಕ್ಕೋ ಅಬ್ಬಾ, ಬ್ಯಾಡ, ವಾಪಸ್ ಕೊಡು" ಅಂದಳು. ಕೊಡಲಿಲ್ಲ. ಮಂಚದ ಕೆಳಗೆ ಇಟ್ಟಿದ್ದೇನೆ.

ನಿನಗೆ ಇನ್ನೂ ಏನೋ ಬರೆಯಬೇಕೆಂದಿದ್ದೆ. ಇರಲಿ, ಸುಮ್ಮನೆ ನಿನಗೇಕೆ ಚಿಂತೆ.

ಪೀರಣ್ಣ

ಮಸ್ಕಿ
10 ಫೆಬ್ರವರಿ 2025

ಗಂಗವ್ವಾ,

ಹಿಂದಿನ ಕಾಗದದಲ್ಲಿ ಮುಚ್ಚಿಟ್ಟಿದ್ದನ್ನು ಈಗ ಬರೆಯುತ್ತೇನೆ. ಓದಿ ಒಲೆಗೆ ಹಾಕು. ಇದನ್ನು ಅಶ್ವಿನಿಯ ಬಾಯಲ್ಲಿ ನಿನಗೆ ಹೇಳಿಸಲು ನನಗೆ ಧೈರ್ಯವಿಲ್ಲ.

ಪಾರ್ವತೆಮ್ಮನ ಗಂಡ ಕಾಲುವೆಯ ತೂಬು ಕಾಯುವವನಾಗಿದ್ದ. ಸಾಹುಕಾರರು ಕದ್ದು ತೋಡಿಸಿದ್ದ ತೂಬನ್ನು ಮುಚ್ಚಿಸಿ, ಕೆಳಗಿನ ಹೊಲದವರಿಗೆ ನೀರು ಹರಿಸಿದ್ದ. ಆಮೇಲೆ ಒಂದು ಸಂಜೆ ಕಾಲುವೆಯಲ್ಲಿ ಮುಳುಗಿ ಹೋದ. ಕಟ್ಟೆಯ ಮೇಲೆ ಚಪ್ಪಲಿ ಜೋಡಾಗಿ, ನೀರಿನ ಕಡೆ ಮುಖ ಮಾಡಿ ಇದ್ದವು. ತಾನೇ ಇಳಿದಿದ್ದಾನೆ, ಕಾಲು ಜಾರಿದೆ ಎಂದು ಎಲ್ಲರೂ ಬರೆದುಕೊಂಡರು. ಪಾರ್ವತೆಮ್ಮ ನನ್ನ ಅಂಗಳದಲ್ಲಿ ಕೂತು ಹೇಳಿದ ಮಾತು ಕೇಳು: "ನನ್ನ ಗಂಡ ಚಪ್ಪಲಿ ಕಳ್ದು ನೀರಿಗೆ ಇಳಿಯಂವ ಅಲ್ರೀ ಅಣ್ಣಾ. ಕಾಲಿವ್ಯಾಗ ಗಾಜು, ಜಾಲಿಮುಳ್ಳು. ಚಪ್ಪಲಿ ಮ್ಯಾಲನ ಇಳೀತಿದ್ದ. ನೀವು ಅವತ್ತ ಇಟ್ಟಂಗನ ಇಟ್ಟಿತ್ರೀ. ನಿಮಗ ಯಾರು ಹೇಳಿದ್ರು?"

ಯಾವತ್ತು, ಎಲ್ಲಿ ಎಂದು ಕೇಳಿ ತಿಳಿದುಕೊಂಡೆ. ಆ ಸಂಜೆಯೇ ನನ್ನ ಬಸ್ಸು ಪಂಕ್ಚರ್ ಆಗಿದ್ದು. ನಾನು ವಿನಯ ಎಂದು ತಿಳಿದು ಕಣ್ಣು ಒದ್ದೆ ಮಾಡಿಕೊಂಡಿದ್ದು ಕೊಲೆ ಮುಗಿಸಿದವನ ಕೈಕೆಲಸವನ್ನು.

ಮುಖ ನೋಡಿಲ್ಲವಲ್ಲ ಅನ್ನುತ್ತೀಯಾ? ನನಗೆ ಮುಖ ಬೇಕಿಲ್ಲ ತಂಗಿ. ಜೀವಮಾನವೆಲ್ಲ ಖಳನ ಹಿಂದೆ ನಿಂತವನು ನಾನು. ಬೆನ್ನು ನೋಡಿಯೇ ಅವನಿಗೆ ಸಿಟ್ಟು ಬಂತೋ, ಮಾತು ಮರೆತನೋ ಹೇಳುತ್ತಿದ್ದೆ. ಅವತ್ತು ಗ್ರೀನ್‌ರೂಮಿನಲ್ಲಿ ಸಾಹುಕಾರರು ನನ್ನ ಚಪ್ಪಲಿಗೆ ಬಗ್ಗಿದಾಗಲೇ ಗುರುತಾಯಿತು. ಎಡಭುಜ ಕೆಳಗೆ, ಬಲಗೈ ಮೊದಲು. ಒಂದನ್ನು ಇಟ್ಟು, ನೋಡಿ, ಇನ್ನೊಂದನ್ನು ಸರಿಮಾಡುವುದು. ಅವರಿಗೂ ಅನುಮಾನ ಬಂದಿದೆ, ಆದರೆ ಖಾತ್ರಿಯಿಲ್ಲ. ನನಗೆ ತಾನಾಗಿ ಹೊಳೆದಿದ್ದು ಎಂದು ಅವರು ನಂಬಿದರೆ ನಾನು ಬದುಕಿದೆ. ಕಂಡಿದ್ದು ಎಂದು ತಿಳಿದರೆ ಇಲ್ಲ.

ಪೊಲೀಸರಿಗೆ ಏನೆಂದು ಹೇಳಲಿ? ಏಳೆಂಟು ವರ್ಷದ ಹಿಂದೆ ಬಸ್ಸಿನಿಂದ ಒಂದು ಬೆನ್ನು ನೋಡಿದೆ ಅನ್ನಲೇ?

ಆ ಬಸ್ಸಿನ ಕಥೆ ಗೊತ್ತಿರುವುದು ನಿನಗೊಬ್ಬಳಿಗೇ. ಯಾರಾದರೂ ಬಂದು ಕೇಳಿದರೆ, ಪೀರ್‌ಸಾಬ್ ಎಲ್ಲವನ್ನೂ ತಲೆಯಿಂದ ಹುಟ್ಟಿಸುತ್ತಾನೆ ಅನ್ನು. ಈ ಒಂದು ಸಲವಾದರೂ ನನ್ನನ್ನು ಸುಳ್ಳುಗಾರ ಎಂದು ಬಯ್ಯದಿರು.

ಪೀರಣ್ಣ

ಲಿಂಗಸುಗೂರು
11 ಫೆಬ್ರವರಿ 2025

ಪೀರಣ್ಣಾ ಪೀರಣ್ಣಾ,

ಇವತ್ತು ನಮ್ಮ ಮನೆಗೆ ಯಾರು ಬಂದಿದ್ದರು ಹೇಳು ನೋಡೋಣ. ಆದೆಪ್ಪ ಸಾಹುಕಾರರು! ಖುದ್ದಾಗಿ! ಓಣಿಯ ಬಾಯಿಯಲ್ಲಿ ಕಾರು ನಿಂತಿದ್ದನ್ನು ನೋಡಿ ಅಶ್ವಿನಿ ಓಡಿಬಂದಳು. ನಿನ್ನ ಜೀವನ, ನಿನ್ನ ಕಲೆ ಎಲ್ಲ ಪುಸ್ತಕವಾಗುತ್ತದಂತೆ. ಕಂಪನಿಯಲ್ಲಿ ನಿನ್ನ ಜೊತೆ ಇದ್ದವಳು ನಾನೊಬ್ಬಳೇ ಉಳಿದಿದ್ದೇನೆ ಎಂದು ಯಾರೋ ಹೇಳಿದರಂತೆ. ನನ್ನ ಮುಂದೆ ಕೂತು ನಿಧಾನವಾಗಿ ಮಾತಾಡಿದರು. ನನಗೆ ಕಿವಿ ಯಾಕೆ ಬೇಕು, ತುಟಿ ನೋಡಿದರೆ ಸಾಕು.

ನಾನು ಏನೂ ಬಿಡಲಿಲ್ಲ. ಲಿಂಗಸುಗೂರಿನ ಡೇರೆ ಟಾಕೀಸಿನಲ್ಲಿ ನೀನು ಕುದುರೆ, ಬಂದೂಕಿನ ಇಂಗ್ಲಿಷ್ ಸಿನಿಮಾಗಳನ್ನು ಒಂದಕ್ಷರ ತಿಳಿಯದೆ ನೋಡಿದ್ದು ಹೇಳಿದೆ. ಎಲ್ಲರೂ ಹೀರೋನನ್ನು ನೋಡಿದರೆ, ನೀನು ಖಳನ ಹಿಂದೆ ಬೆಂಕಿಕಡ್ಡಿ ಕಚ್ಚಿಕೊಂಡು ನಿಂತ ಮನುಷ್ಯನನ್ನೇ ನೋಡುತ್ತಿದ್ದೆ. ಪ್ರತಿ ಸಿನಿಮಾದಲ್ಲೂ ಅವನೇ ಬರುತ್ತಿದ್ದ, ಪ್ರತಿ ಸಲವೂ ಅರ್ಧದಲ್ಲೇ ಗುಂಡು ತಿಂದು ಸಾಯುತ್ತಿದ್ದ. ಅವನ ಹೆಸರು ನಿನಗೆ ಇವತ್ತಿಗೂ ಗೊತ್ತಿಲ್ಲ. "ಹೀರೋನ ಹಂಗ ಯಾರು ಬೇಕಾದ್ರೂ ನಿಂದರ್ತಾರ, ಇವನಂಗ ಸಾಯೂದು ಕಲೀಬೇಕು" ಅಂದಿದ್ದೆಯಲ್ಲ, ಅದನ್ನೂ ಹೇಳಿದೆ. ನೀನು ಮದ್ರಾಸಿಗೆ ಹೋಗಿ ಸಿನಿಮಾಗಳಲ್ಲಿ ಕುದುರೆಯಿಂದ ಬಿದ್ದದ್ದು, ಪಕ್ಕೆಲುಬು ಮುರಿದರೂ ಪರದೆಯ ಮೇಲೆ ಹೆಸರು ಬಾರದಿದ್ದದ್ದು, ವಾಪಸು ಬಂದು ಟೋಪಿ ಹಾಕಿಕೊಂಡು ಕಂಪನಿ ಸೇರಿದ್ದು, ನೀನು ಸತ್ತರೆ ಜನ ಒನ್ಸ್‌ಮೋರ್ ಕೂಗಿ ಮತ್ತೆ ಎಬ್ಬಿಸಿ ಸಾಯಿಸುತ್ತಿದ್ದದ್ದು, ಎಲ್ಲ ಹೇಳಿದೆ.

ಕೊನೆಗೆ ಚಪ್ಪಲಿಯ ಮಾತು ತೆಗೆದರು. ಅದು ನಿಮ್ಮ ಪೀರ್‌ಸಾಬರಿಗೆ ತಾನಾಗಿ ಹೊಳೆದಿದ್ದಂತೆ ಅಂದರು. ನನಗೆ ನಗು ತಡೆಯಲಾಗಲಿಲ್ಲ. "ಅವ ಸುಳ್ಳ ಹೇಳ್ಯಾನ್ರೀ ಸಾಹುಕಾರ್ರ. ಪೀರಣ್ಣ ಒಂದನ್ನೂ ತಲೀಲಿಂದ ಹುಟ್ಟಿಸಿದಂವ ಅಲ್ಲ. ಕಣ್ಣಾರೆ ಕಂಡದ್ದನ್ನ ಮಾಡಂವ" ಅಂದೆ. ಬಸ್ಸು, ಸೇತುವೆ, ಬಿಳಿ ಬಟ್ಟೆ, ಎಲ್ಲವನ್ನೂ ಹೇಳಿ, ನೀನು ನನಗೆ ತೋರಿಸಿದ ಹಾಗೆಯೇ ಎದ್ದು ಮಾಡಿ ತೋರಿಸಿದೆ.

ನೀರು ಕೇಳಿ ಕುಡಿದರು. ಮುಖ ಎಷ್ಟು ಗಂಭೀರವಾಯಿತು ಗೊತ್ತೇ? ಕಲೆಯ ಬೆಲೆ ಬಲ್ಲವರು ಹಾಗೆಯೇ. ನಿನ್ನ ಅಂಗಳಕ್ಕೆ ಬಂದ ಹೆಂಗಸಿನ ಕಥೆ ಏನೋ? ಈ ವಯಸ್ಸಿನಲ್ಲಿ ಹುಡುಕಿಕೊಂಡು ಬಂದು ಅಳುತ್ತಾಳೆಂದರೆ ನಿನ್ನ ಟೋಪಿಯ ಜಾದೂ ಇನ್ನೂ ಇಳಿದಿಲ್ಲ!

ಇನ್ನು ಮುಂದೆ ನೀನು ಹಿಂದೆ ನಿಲ್ಲುವವನಲ್ಲ ಅಣ್ಣಾ.

ನಿನ್ನ ಗಂಗಾ

ಲಿಂಗಸುಗೂರು
13 ಫೆಬ್ರವರಿ 2025

ಅಣ್ಣಾ,

ನಿನ್ನ ಹತ್ತನೇ ತಾರೀಖಿನ ಕಾಗದ ಈಗ ಕೈಗೆ ಬಂತು. ಪೋಸ್ಟ್‌ಮ್ಯಾನ್ ಇನ್ನೂ ಓಣಿ ದಾಟಿಲ್ಲ.

ನಾನು ಹೇಳಿಬಿಟ್ಟೆ. ಕೇಳಿದ್ದನ್ನೂ ಹೇಳಿದೆ, ಕೇಳದ್ದನ್ನೂ ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಕಿವಿ ಹೋದಾಗಲೇ ಈ ಹಾಳು ನಾಲಿಗೆಯೂ ಹೋಗಬಾರದಿತ್ತೇ?

ಸನ್ಮಾನಕ್ಕೆ ಹೋಗಬೇಡ. ನಿನಗೆ ನನ್ನಾಣೆ. ವಸೀಮಾಳಿಗೆ ಎಲ್ಲ ಹೇಳು. ರಾಯಚೂರಿಗೆ ನಿನ್ನ ತಂಗಿ ಖಾತೂನ್‌ಬೀ ಮನೆಗೆ ಹೋಗಿ ರಂಜಾನ್ ಮುಗಿಯುವ ತನಕ ಅಲ್ಲೇ ಇರು. ಮೊದಲು ಯಾಕೆ ಹೇಳಲಿಲ್ಲ? ಚಿಂತೆ ಯಾಕೆ ಅಂದೆಯಲ್ಲ, ಈಗ ಇದು ಏನು?

ಗಂಗಾ

ಮಸ್ಕಿ
17 ಫೆಬ್ರವರಿ 2025

ತಂಗಿ ಗಂಗವ್ವಾ,

ಎರಡೂ ಕಾಗದ ಬಂದವು. ಮೊದಲು ಸಂತೋಷದ್ದು, ಆಮೇಲೆ ಅಳುವಿನದು. ಸಂತೋಷದ್ದನ್ನು ಎರಡು ಸಲ ಓದಿದೆ. ನನ್ನ ಬಾಳನ್ನು ಯಾರೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಕೇಳಿದವನು ಯಾರೇ ಆಗಿರಲಿ, ಹೇಳಿದವಳು ನೀನು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಾನು ನಿನ್ನಿಂದ ಮುಚ್ಚಿಟ್ಟೆ, ನೀನು ತೆರೆದಿಟ್ಟೆ. ಅಷ್ಟೇ ಆಗಿದ್ದು.

ಮನೆಯೆದುರು ದಿನಾ ಒಂದು ಬೈಕು ನಿಲ್ಲುತ್ತದೆ. ಅದರ ಮೇಲೆ ಕೂತವನು ಯಾರನ್ನೂ ಕಾಯುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ನಾನು ಅಂಗಡಿಗೆ ಹೊರಟರೆ ಸಲಾಮು ಹೇಳುತ್ತಾನೆ. ವಸೀಮಾ ಮತ್ತು ಅಳಿಯ ನಾಸೀರ್ ಅದು ಸನ್ಮಾನದ ಮರ್ಯಾದೆ ಎಂದು ತಿಳಿದಿದ್ದಾರೆ. ಹಾಗೇ ತಿಳಿಯಲಿ ಎಂದು ನಾನೂ ಬಿಟ್ಟಿದ್ದೇನೆ.

ರಾಯಚೂರಿಗೆ ಹೋಗುವುದಿಲ್ಲ. ಪಾರ್ವತೆಮ್ಮ ಮತ್ತೆ ಬಂದಿದ್ದಳು, ಮಗಳು ಜ್ಯೋತಿಯನ್ನೂ ಕರೆತಂದಿದ್ದಳು. ಅಪ್ಪ ಕುಡಿದು ಬಿದ್ದು ಸತ್ತ ಎಂದು ಊರವರು ಆ ಹುಡುಗಿಯ ಎದುರೇ ಆಡಿಕೊಳ್ಳುತ್ತಾರಂತೆ. ಅವನು ಕುಡಿಯುತ್ತಲೇ ಇರಲಿಲ್ಲವಂತೆ. ನಾನು ಓಡಿಹೋದರೆ ಅವನು ಎರಡನೇ ಸಲ ಮುಳುಗುತ್ತಾನೆ. ಸನ್ಮಾನಕ್ಕೆ ಊರೆಲ್ಲ ಸೇರುತ್ತದೆ. ಮೈಕು ನನ್ನ ಕೈಗೆ ಬರುತ್ತದೆ. ಮೊದಲು ಚಪ್ಪಲಿ ಜೋಡಿಸಿ ತೋರಿಸುತ್ತೇನೆ, ಆಮೇಲೆ ಎಲ್ಲಿ ನೋಡಿದೆ ಎಂದು ಹೇಳುತ್ತೇನೆ. ಅಷ್ಟು ಜನರ ನಡುವೆ ನನ್ನನ್ನು ಏನು ಮಾಡುತ್ತಾರೆ? ವೇದಿಕೆ ಹತ್ತಿದರೆ ಸಾಕು. ವೇದಿಕೆಯ ಮೇಲೆ ನನ್ನನ್ನು ಸಾಯಿಸಿದವರೆಲ್ಲ ಆಮೇಲೆ ಕೈಹಿಡಿದು ಎಬ್ಬಿಸಿದ್ದಾರೆ.

ಸಾಹುಕಾರರು ಇಪ್ಪತ್ತೆರಡಕ್ಕೇ ಕಾರು ಕಳಿಸುತ್ತಾರಂತೆ, ಹಿಂದಿನ ದಿನವೇ ಬಂದು ವಿಶ್ರಾಂತಿ ತಗೊಳ್ಳಿ ಎಂದು. ನಾನು ಕಾರಿಗೆ ಕಾಯದೆ ಬಸ್ಸಿಗೆ ಹೋಗುತ್ತೇನೆ. ಅವರ ಹೊಸ ಚಪ್ಪಲಿ ಮುಟ್ಟುವುದಿಲ್ಲ, ಟೈರಿನ ಅಟ್ಟೆ ಹೊಡೆಸಿದ ನನ್ನ ಹಳೆಯದೇ ಸಾಕು. ನಿನಗೆ ಗೊತ್ತಲ್ಲ, ಕಂಪನಿಯ ಕ್ಯಾಂಪಿನಲ್ಲಿ ಕಳುವಾದಾಗಿನಿಂದ ನಾನು ಚಪ್ಪಲಿಯನ್ನು ಎಲ್ಲೂ ಹೊರಗೆ ಬಿಡುವವನಲ್ಲ. ಮಸೀದಿಗೂ ಚೀಲದಲ್ಲಿ ಹಾಕಿಕೊಂಡೇ ಹೋಗುತ್ತೇನೆ. ಅವತ್ತು ಗ್ರೀನ್‌ರೂಮಿನಲ್ಲಿ ಮಾತ್ರ ಬಿಟ್ಟಿದ್ದೆ, ಅದಕ್ಕೆ ಹೀಗಾಯಿತು.

ಹೆದರಿಕೆ ಇದೆ ತಂಗಿ. ಇಲ್ಲವೆಂದು ಬರೆದರೆ ನೀನು ನಂಬುವುದಿಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚುತ್ತಿರು.

ಪೀರಣ್ಣ

ಲಿಂಗಸುಗೂರು
27 ಫೆಬ್ರವರಿ 2025

ಪೀರಣ್ಣಾ,

ಇದನ್ನು ಮಸ್ಕಿಯ ವಿಳಾಸಕ್ಕೇ ಹಾಕುತ್ತೇನೆ. ವಸೀಮಾ ಒಡೆಯದೆ ನಿನ್ನ ಟ್ರಂಕಿನಲ್ಲಿ ಇಡುತ್ತಾಳೆ. ನೀನು ಸಿಕ್ಕ ಮೇಲೆ ಓದುವೆಯಂತೆ.

ನಿನ್ನ ಕಾಗದ ನನಗೆ ತಲುಪಿದ್ದು ಇಪ್ಪತ್ತೆರಡಕ್ಕೆ. ಅಶ್ವಿನಿಯಿಂದ ಫೋನ್ ಮಾಡಿಸಿದೆ. ವಸೀಮಾ ಹೇಳಿದ್ದನ್ನು ಅಶ್ವಿನಿಯ ತುಟಿಯಲ್ಲೇ ಓದಿದೆ. "ಅಬ್ಬಾ ಬಸ್ ಸ್ಟ್ಯಾಂಡಿಗೆ ಹೊಂಟಿದ್ರು, ಬೈಕಿನಂವ ಬಿಡ್ತೀನಿ ಅಂತ ಕೂಡ್ರಿಸ್ಕೊಂಡು ಹೋಗ್ಯಾನ." ಅಷ್ಟೇ. ನೀನು ವೇದಿಕೆ ಹತ್ತಲೇ ಇಲ್ಲ.

ಇಪ್ಪತ್ಮೂರರ ಬೆಳಿಗ್ಗೆ ಗೊರೇಬಾಳದ ಕಾಲುವೆ ಕಟ್ಟೆಯ ಮೇಲೆ ನಿನ್ನ ಚಪ್ಪಲಿ ಸಿಕ್ಕವು. ಟೈರಿನ ಅಟ್ಟೆಯವು. ಜೋಡಾಗಿ, ನೀರಿನ ಕಡೆ ಮುಖ ಮಾಡಿ. ನಮಾಜಿನ ಮೊದಲು ಕೈಕಾಲು ತೊಳೆದು ವಜೂ ಮಾಡಲು ಇಳಿದ ಮುದುಕ ಕಾಲು ಜಾರಿದ್ದಾನೆ ಅಂದರಂತೆ. ಕಾಲುವೆ ತುಂಬಿ ಹರಿಯುತ್ತಿದೆ, ನೀನು ಇನ್ನೂ ಸಿಕ್ಕಿಲ್ಲ. ಆದರೆ ಅದೇ ದಿನ ಸಾಹುಕಾರರ ಸಭೆ ನಡೆಯಿತು. ಸನ್ಮಾನದ ಫ್ಲೆಕ್ಸನ್ನು ಇಳಿಸಿ ಬೇರೆ ಕಟ್ಟಿದ್ದರು. ಈಜುಗಾರರು ನಿನ್ನನ್ನು ನೀರಿನಲ್ಲಿ ಇನ್ನೂ ಹುಡುಕುತ್ತಿದ್ದ ಹೊತ್ತಿಗೆ ನೀನು ಅದರಲ್ಲಿ ದಿವಂಗತನಾಗಿದ್ದೆ. ಸಾಹುಕಾರರು ಮೈಕಿನ ಮುಂದೆ ಅತ್ತರಂತೆ. ಡೇರೆ ಟಾಕೀಸು, ಬೆಂಕಿಕಡ್ಡಿ, ಮುರಿದ ಪಕ್ಕೆಲುಬು, ನಾನು ಹೇಳಿದ್ದೆಲ್ಲ ಅವರ ಭಾಷಣದಲ್ಲಿ ಬಂತಂತೆ. ಚಪ್ಪಲಿಯದೊಂದು ಬರಲಿಲ್ಲ.

ಪಾರ್ವತೆಮ್ಮ ನಿನ್ನೆ ನನ್ನನ್ನು ಹುಡುಕಿಕೊಂಡು ಬಂದಳು. ಇಬ್ಬರೂ ಅತ್ತೆವು. ನಾನು ನಿನ್ನ ಕಾಗದ ಒಂದನ್ನೂ ಒಲೆಗೆ ಹಾಕಿಲ್ಲ ಅಣ್ಣಾ. ನೀನು ಹೇಳಿದ್ದನ್ನು ನಾನು ಯಾವಾಗ ಕೇಳಿದ್ದೇನೆ? ಇವತ್ತು ಅವನ್ನು ತೆಗೆದುಕೊಂಡು ಸಿಂಧನೂರಿಗೆ ಪೊಲೀಸರ ಹತ್ತಿರ ಹೋಗುತ್ತಿದ್ದೇವೆ. ಮುದುಕಿಯ ಮಾತು ಯಾರು ಕೇಳುತ್ತಾರೆ ಅಂದಳು ಅವಳು. ಕೇಳದಿದ್ದರೆ ನೋಡಲಿ ಅಂದೆ. ಠಾಣೆಯ ನೆಲದ ಮೇಲೆ ಮಾಡಿ ತೋರಿಸುತ್ತೇನೆ. ಎಡಭುಜ ಕೆಳಗೆ, ಬಲಗೈ ಮೊದಲು. ಒಂದನ್ನು ಇಟ್ಟು, ನೋಡಿ, ಇನ್ನೊಂದನ್ನು ಸರಿಮಾಡುವುದು. ಮೊಣಕಾಲು ಬಗ್ಗಿದ ಮೇಲೆ ಏಳದಿದ್ದರೂ ಸೈ. ಅವರು ಬರೆದುಕೊಳ್ಳುವ ತನಕ ಮತ್ತೆ ಮತ್ತೆ ಮಾಡುತ್ತೇನೆ.

ಇಲ್ಲಿಯವರೆಗೆ ಬರೆದು, ಪಾರ್ವತೆಮ್ಮ ಬಂದಳೇನೋ ಎಂದು ಬಾಗಿಲು ತೆರೆದು ನೋಡಿದೆ. ಓಣಿಯಲ್ಲಿ ಯಾರೂ ಇಲ್ಲ. ಯಾರಾದರೂ ಬಂದು ಹೋಗಿದ್ದರೂ ಈ ಕಿವುಡಿಗೆ ತಿಳಿಯುವುದಿಲ್ಲ.

ರಾತ್ರಿ ನನ್ನ ಚಪ್ಪಲಿಯನ್ನು ಎಂದಿನಂತೆ ಒಂದನ್ನು ಬಾಗಿಲಲ್ಲಿ, ಒಂದನ್ನು ಬಚ್ಚಲ ಹತ್ತಿರ ಬಿಟ್ಟಿದ್ದೆ. ಈಗ ಎರಡೂ ಹೊಸ್ತಿಲ ಹೊರಗೆ ಇವೆ. ಜೋಡಾಗಿ, ಓಣಿಯ ಕಡೆ ಮುಖ ಮಾಡಿ.

ಮೆಟ್ಟಿಕೊಂಡು ಹೊರಟಿದ್ದೇನೆ ಅಣ್ಣಾ.

ಗಂಗಾದೇವಿ